ಕಬ್ಬಿನೊಳಗಿನ ದಿಬ್ಬಣ

ನಮ್ಮ ಪವಿತ್ರಳ ಮದುವೆಯ ಫೋಟೋಗಳಲ್ಲಿ ಊರಿಗೆ ಊರೇ ಇದೆ, ನಾನೊಬ್ಬ ಇಲ್ಲ. ಹೆಣ್ಣಿನ ಸೋದರಮಾವನೇ ಇಲ್ಲ! ಕೇಳಿದವರಿಗೆಲ್ಲ ನನ್ನ ಹೆಂಡತಿ ದ್ಯಾವಮ್ಮ, "ಅವ್ರು ಕಬ್ಬು ಕಾಯ್ತಿದ್ರು" ಎನ್ನುತ್ತಾಳೆ. (ಸುಳ್ಳಲ್ಲ. ಸುಳ್ಳಾಗಿದ್ದರೆ ನನಗಿಷ್ಟು ಸಂಕಟವಾಗುತ್ತಿರಲಿಲ್ಲ.)

ಪವಿತ್ರ ಹೊಸಹೊಳಲಿನಲ್ಲಿರುವ ನನ್ನ ಅಕ್ಕ ಮಂಗಳಮ್ಮನ ದೊಡ್ಡ ಮಗಳು. ನಾನು ಹೆಗಲ ಮೇಲೆ ಹೊತ್ತು ತಿರುಗಿದ ಕೂಸು. ನಮ್ಮಲ್ಲಿ ಹೆಣ್ಣಿನ ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ. ವೀಳ್ಯಶಾಸ್ತ್ರದ ದಿನವೇ ಅವಳು, "ಮಾವ, ನೀನ್ ಬರಗಂಟ ನಾನ್ ರೂಮ್ ಬುಟ್ಟು ಈಚೆಗೆ ಬರಕಿಲ್ಲ" ಎಂದಿದ್ದಳು. ಮುಹೂರ್ತ ಬೆಳಿಗ್ಗೆ ಹತ್ತೂವರೆಗೆ.

ಕ್ಯಾತನಹಳ್ಳಿಯಿಂದ ನಾನಲ್ಲದೆ ನಮ್ಮ ಕಡೆಯ ಹದಿನಾರು ಜನ ಹೊರಡಬೇಕಿತ್ತು. ಮೊದಲೆಲ್ಲ ನಮ್ಮ ಟ್ರಾಕ್ಟರಿನ ಟ್ರೇಲರಿನಲ್ಲೇ ಹೋಗುತ್ತಿದ್ದೆವು. ಆದರೆ ಆ ವರ್ಷ, ಅಂದರೆ ತೊಂಬತ್ತಾರರಲ್ಲಿ, ರೈತರ ಸಭೆ ಕರೆದು ಸಾಹೇಬರೊಬ್ಬರು, "ಟ್ರೇಲರು ಇರೋದು ಬೆಳೆಗೆ, ಜನಕ್ಕಲ್ಲ" ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

"ಬಸ್ಸಿಗೆ ಓಗನ" ಎಂದಳು ದ್ಯಾವಮ್ಮ.

"ಮನೇಲಿ ಟ್ರಾಕ್ಟರ್ ಮಡಿಕ್ಕೊಂಡು ಬಸ್ಸಲ್ಲಿ ಓದ್ರೆ ಬೀಗರು ಏನಂದಾರು?"

"ಬಂದ್ರು ಅಂತಾರೆ. ಇನ್ನೇನಂದಾರು?"

ಅಷ್ಟರಲ್ಲಾಗಲೇ ನನ್ನ ಮಸ್ತಕದಲ್ಲಿ ದಿವ್ಯ ಯೋಜನೆಯೊಂದು ಅವತರಿಸಿತ್ತು. ಟ್ರೇಲರಿನ ನಾಲ್ಕೂ ಕಡೆ ಕಬ್ಬಿನ ಕಂತೆ ನಿಲ್ಲಿಸುವುದು, ನಡುವೆ ಜಮಖಾನ ಹಾಸಿ ಜನರನ್ನು ಕೂರಿಸುವುದು, ಮೇಲಷ್ಟು ಸೋಗೆ ಹೊದಿಸುವುದು. ಹೊರಗೆ ಬೆಳೆ, ಒಳಗೆ ಬಂಧುಬಳಗ! ರೇಷ್ಮೆ ಸೀರೆಯುಟ್ಟು ಆ ಗೂಡಿಗೆ ಇಳಿಯುವಾಗ ದ್ಯಾವಮ್ಮ ನನ್ನನ್ನು ನೋಡಿದ ನೋಟಕ್ಕೆ ನಾನು ಅಲ್ಲೇ ಹೆದರಬೇಕಿತ್ತು.

ಕೆ.ಆರ್. ಪೇಟೆ ನಾಲ್ಕು ಮೈಲಿ ಇರುವಾಗ ಇನ್‌ಸ್ಪೆಕ್ಟರೊಬ್ಬರು ಕೈ ಅಡ್ಡ ಹಿಡಿದರು.

"ಕಬ್ಬು ಎಲ್ಲಿಗಯ್ಯ?"

"ಫ್ಯಾಕ್ಟ್ರಿಗೆ ಸ್ವಾಮಿ."

"ಫ್ಯಾಕ್ಟರಿ ನಿನ್ನ ಹಿಂದೆ ಉಳೀತಲ್ಲಯ್ಯ!"

ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಕಡೆ ಕಬ್ಬು ಹೋಗುವ ದಿಕ್ಕು ಒಂದೇ. ಮೂವತ್ತು ವರ್ಷ ಕಬ್ಬು ಬೆಳೆದವನಿಗೆ ಅಷ್ಟು ಹೊಳೆಯಬೇಡವೇ? ತಡವರಿಸಿ, "ಅಲ್ಲ, ಆಲೆಮನೆಗೆ" ಎಂದುಬಿಟ್ಟೆ. ಫ್ಯಾಕ್ಟರಿಗೆ ಒಪ್ಪಿದ ಕಬ್ಬನ್ನು ಆಲೆಮನೆಗೆ ಹಾಕುವಂತಿರಲಿಲ್ಲ; ಅದು ಇನ್ನೂ ಕೆಟ್ಟದ್ದಾಯಿತು.

"ಓಹೋ, ಕದ್ದು ಸಾಗಿಸ್ತಿದ್ದೀಯಾ?"

ಆಗ ಕಬ್ಬು ಮಾತಾಡಿತು: "ಏನೂಂದ್ರೆ, ಊರ್ ಬಂತಾ? ಇರುವೆ ಕಚ್ಚಿ ಸಾಯಿಸ್ತಾವೆ!"

ಇನ್‌ಸ್ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಸೋಗೆ ಸರಿಸಿಕೊಂಡು ಹದಿನಾರು ಜನ ಒಬ್ಬೊಬ್ಬರಾಗಿ ಇಳಿದರು.

"ಮದ್ವೆ ಅಂತ ನಿಜ ಹೇಳಿದ್ರೆ ಬುದ್ಧಿ ಹೇಳಿ ನಿನ್ನನ್ನೂ ಬಸ್ಸಿಗೆ ಹತ್ತಿಸ್ತಿದ್ದೆ" ಎಂದ ಇನ್‌ಸ್ಪೆಕ್ಟರು, ಆ ಕಡೆ ಹೋಗುತ್ತಿದ್ದ ಬಸ್ಸೊಂದನ್ನು ನಿಲ್ಲಿಸಿ ಎಲ್ಲರನ್ನೂ ಕಳಿಸಿಕೊಟ್ಟರು. "ನೀನು ಇಲ್ಲೇ ಇರು. ಈ ಕಬ್ಬು ಯಾರದು ಅಂತ ತಿಳೀಲಿ."

"ನಂದೇ ಸ್ವಾಮಿ!"

"ಅದನ್ನ ಫ್ಯಾಕ್ಟರಿ ಕೊಟ್ಟ ಕಟಾವಿನ ಚೀಟಿ ಹೇಳ್ಬೇಕು."

ಚೀಟಿ ಮನೆಯಲ್ಲಿತ್ತು. ಅಂಗಡಿಯೊಂದರಿಂದ ಊರಿಗೆ ಫೋನು ಮಾಡಿದೆ; ಪಕ್ಕದ ಮನೆಯ ಮುದ್ದಯ್ಯ ಅದನ್ನು ಹಿಡಿದು ಮೊಪೆಡ್ಡಿನಲ್ಲಿ ಬರುವಾಗ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಹತ್ತೂವರೆಗೆ ನಾನು ಟ್ರೇಲರಿನ ನೆರಳಲ್ಲಿ ಕೂತಿದ್ದೆ. ಕೂಸು ಬಾಗಿಲು ನೋಡುತ್ತಿರುತ್ತಾಳೆ ಎಂದು ನೆನೆದೆ. ನನ್ನ ಬುದ್ಧಿಗೆ ನಾನೇ ತಲೆ ಚಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು.

ಹೊಸಹೊಳಲು ತಲುಪಿದಾಗ ಕೊನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು. ದ್ಯಾವಮ್ಮನ ಹೆಗಲ ಮೇಲೆ ಸೋದರಮಾವನಿಗೆ ಹೊದಿಸುವ ಜರಿ ಶಲ್ಯ!

"ಹೆಣ್ಣ ಯಾರು ಕರ್ಕೊಂಡ್ ಬಂದ್ರೇ?"

"ಇನ್ಯಾರು? ನಾನೇಯ. ಮುಹೂರ್ತ ನಿಮ್ಮ ಕಬ್ಬಿಗೆ ಕಾಯ್ತದಾ?"

ಪವಿತ್ರ ಬಂದು ಕಾಲಿಗೆ ಬಿದ್ದಳು. ಕಣ್ಣು ಕೆಂಪಾಗಿತ್ತು. "ತಪ್ಪಾಯ್ತು ಕೂಸೇ" ಎಂದೆ.

"ಬರಕಿಲ್ಲ ಅಂತ ಕುಂತಿದ್ದೆ ಮಾವ. ಅತ್ತೆ ಬಂದು ಕೈ ಇಡ್ಕೊಂಡ್ರು, ಎದ್ದೆ."

ಪಕ್ಕದಲ್ಲಿದ್ದ ಅವಳ ತಂಗಿ ತನುಶ್ರೀ, "ನನ್ ಮದ್ವೇಗೂ ಅತ್ತೆನೇ ಕರ್ಕೊಂಡೋಗ್ಲಿ" ಎಂದಳು.

ಇಲ್ಲ ಎನ್ನಲಿ ಎಂದು ನಾನು ದ್ಯಾವಮ್ಮನ ಮುಖ ನೋಡಿದೆ. ಅವಳು ಶಲ್ಯ ಸರಿಮಾಡಿಕೊಂಡು, "ಆಗ್ಲಿ ಬುಡು ಮಗ" ಎಂದಳು.