ಇಲ್ಲದವಳನ್ನು ಬರಮಾಡಿಕೊಂಡ ಹೆಬ್ಬಾಗಿಲು

ಬಹಳ ಹಿಂದೆ, ಅಂದರೆ ಇದನ್ನು ಓದಿ ಯಾರೂ ನಮ್ಮೂರಿನ ಕಡೆ ಬೆರಳು ತೋರಿಸಲಾರದಷ್ಟು ಹಿಂದೆ, ಸಮೃದ್ಧಾವತಿ ಎಂಬ ಒಂದು ರಾಜ್ಯವಿತ್ತು. ಅಮೆರಿಕದಲ್ಲಿ ಓದುತ್ತಿರುವ ಮಕ್ಕಳು ಈ ಕಥೆ ಕೇಳಿ ‘ಇದು ನಮ್ಮದೇ ಪಾಡು’ ಎಂದು ತಲೆಯಾಡಿಸಿದರೆ ಅದಕ್ಕೆ ಈ ಅಂಕಣಕಾರ ಹೊಣೆಯಲ್ಲ. ತೆರಿಗೆ ಕಟ್ಟುವ ತಿಂಗಳಲ್ಲಿ ಅವರ ತಲೆ ಯಾವ ಕಥೆಯ ಸಹಾಯವೂ ಇಲ್ಲದೆ ಆಡುತ್ತಿರುತ್ತದೆ ಎಂದು ಕೇಳಿದ್ದೇನೆ.

ಸಮೃದ್ಧಾವತಿಯನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಗಣನಾದಿತ್ಯ. ಒಳ್ಳೆಯ ಮನುಷ್ಯ, ಊಟ ನಿದ್ದೆ ಎರಡೂ ಚೆನ್ನಾಗಿತ್ತು. ಒಂದು ದಿನ ಯಾರೋ ಅವನ ಕಿವಿಗೆ ಒಂದು ಮಾತು ಹಾಕಿದರು. ಪರದೇಶದ ವಿದ್ಯಾರ್ಥಿಗಳು ಎಷ್ಟು ಮಂದಿ ಬಂದು ಓದುತ್ತಾರೆ ಎಂಬುದರ ಮೇಲೆಯೇ ಈಗ ರಾಜ್ಯಗಳಿಗೆ ರ‍್ಯಾಂಕಿಂಗ್ ಕೊಡುತ್ತಾರಂತೆ, ನೆರೆಯ ರಾಜ್ಯ ನಮಗಿಂತ ಮೇಲಿದೆಯಂತೆ. ಮಹಾರಾಜನಿಗೆ ಅಂದು ಮಧ್ಯಾಹ್ನದ ನಿದ್ದೆ ಹತ್ತಲಿಲ್ಲ.

ತೊಡಕೊಂದಿತ್ತು. ರಾಜನ ತಾತ ಕಲ್ಲಿನಲ್ಲಿ ಕೆತ್ತಿಸಿದ್ದ ಶಾಸನದ ಪ್ರಕಾರ, ರಾಜ್ಯದೊಳಗೆ ವಾಸಿಸುವ ಪ್ರತಿಯೊಬ್ಬನೂ ಮೂರು ಲೋಕದಲ್ಲಿ ಎಲ್ಲಿಂದ ಏನೇ ಬಂದರೂ ಅದರ ಮೇಲೆ ಕರ ಕೊಡತಕ್ಕದ್ದು. ಊರಿನಲ್ಲಿ ಅಜ್ಜಿ ಕೊಟ್ಟ ಎರಡು ತೆಂಗಿನಮರದ ಕಾಯಿಗೂ ಇಲ್ಲಿ ಕರ ಕಟ್ಟಬೇಕೆಂದರೆ ಯಾವ ಹುಡುಗ ತಾನೇ ಬಂದಾನು? ಶಾಸನ ತಿದ್ದೋಣವೆಂದರೆ ಅದು ತಾತನ ಕಲ್ಲು, ಮುಟ್ಟುವಂತಿಲ್ಲ.

ಆಗ ಎದ್ದು ನಿಂತವನು ಕರಮಂತ್ರಿ ನಿಬಂಧನಭಟ್ಟ. ಕಾನೂನು ಹಾಗೆಯೇ ಇರಲಿ, ಮನುಷ್ಯರನ್ನು ತಿದ್ದೋಣ ಎಂದ. ಪರದೇಶದ ವಿದ್ಯಾರ್ಥಿಗಳು ಮೊದಲ ಐದು ವರ್ಷ ರಾಜ್ಯದಲ್ಲಿ ಇದ್ದರೂ ಇಲ್ಲವೆಂದೇ ಭಾವಿಸತಕ್ಕದ್ದು. ಇಲ್ಲದವರಿಗೆ ತಾತನ ಶಾಸನ ಅನ್ವಯಿಸುವುದಿಲ್ಲ. ಸಭೆ ಬೆಕ್ಕಸ ಬೆರಗಾಯಿತು. ಇಲ್ಲದ್ದನ್ನು ಉಂಟುಮಾಡುವವನು ಬ್ರಹ್ಮ, ಇರುವುದನ್ನು ಇಲ್ಲವಾಗಿಸುವವನು ನಮ್ಮ ಪ್ರಭು ಎಂದು ಆಸ್ಥಾನಕವಿ ಅಲ್ಲಿಯೇ ಒಂದು ಕಂದಪದ್ಯ ಕಟ್ಟಿದ. ಆಜ್ಞೆಗೆ ಎರಡು ಸಣ್ಣ ಷರತ್ತು ಸೇರಿದವು. ಇಲ್ಲದವರು ವರ್ಷಕ್ಕೊಮ್ಮೆ ಖುದ್ದು ಹಾಜರಾಗಿ, ತಾವು ಇಲ್ಲವೆಂದು ಪ್ರಮಾಣ ಮಾಡಬೇಕು. ಹಾಜರಾಗದವರನ್ನು ಇದ್ದಾರೆಂದು ಪರಿಗಣಿಸಲಾಗುವುದು.

ಈ ಆಜ್ಞೆಯನ್ನು ನಂಬಿ ಗಿರಿನಾಡಿನಿಂದ ಬಂದವಳು ಕುಮುದಿನಿ. ಅವಳ ನಾಡಿನಲ್ಲಿ ಮರ ಎಳೆಯುವುದಕ್ಕೂ ಹೊಳೆ ದಾಟುವುದಕ್ಕೂ ಆನೆಗಳೇ ಗತಿ, ಆದರೆ ಆನೆಗೆ ಔಷಧ ಕೊಡಬಲ್ಲವರು ಒಬ್ಬರೂ ಇರಲಿಲ್ಲ. ಸಮೃದ್ಧಾವತಿಯ ವಿದ್ಯಾಪೀಠದಲ್ಲಿ ಗಜಚಿಕಿತ್ಸೆ ಕಲಿಸುತ್ತಿದ್ದರು. ಸೀಟು ಸಿಕ್ಕಿತು, ತಿಂಗಳಿಗಿಷ್ಟು ಎಂದು ವಿದ್ಯಾವೇತನವೂ ಸಿಕ್ಕಿತು. ವೇತನ ಕೊಡುತ್ತಿದ್ದುದು ರಾಜನ ಬೊಕ್ಕಸ, ಕೊಡುವಾಗ ಅದರಲ್ಲೊಂದು ಪಾಲು ಕರವೆಂದು ಮುರಿದುಕೊಳ್ಳುತ್ತಿದ್ದುದೂ ಅದೇ ಬೊಕ್ಕಸ. ಇಲ್ಲದವಳಿಗೆ ಕರ ಹೇಗೆ ಎಂದು ಅವಳು ಕೇಳಿದಾಗ, ನೀವು ಇಲ್ಲದಿದ್ದರೂ ನಿಮ್ಮ ವೇತನ ಇಲ್ಲಿಯೇ ಇದೆಯಲ್ಲ ಎಂದರು ಬೊಕ್ಕಸದವರು. ಗಿರಿನಾಡಿನ ಜೊತೆ ಒಪ್ಪಂದವಿದೆ, ಅದರ ಪ್ರಕಾರ ನಿಮಗೆ ರೀಫಂಡ್ ಬರುತ್ತದೆ ಎಂದೂ ಹೇಳಿದರು. ಯಾವ ಒಪ್ಪಂದ, ಎಷ್ಟನೇ ಕಲಮು ಎಂದು ತಿಳಿಯಲು ಮಾರ್ಗದರ್ಶನ ಕೇಂದ್ರಕ್ಕೆ ಹೋದಳು. ಅಲ್ಲಿ ಬಾಗಿಲಿಗೇ ಬೋರ್ಡು ಹಾಕಿದ್ದರು: ಇಲ್ಲಿ ಮಾರ್ಗದರ್ಶನ ನೀಡಲಾಗುವುದಿಲ್ಲ.

ಮೊದಲ ಪ್ರಮಾಣದ ದಿನ ಅವಳು ಗೈರುಹಾಜರಿ ಮಂಟಪದಲ್ಲಿ ಬೆಳಗಿನಿಂದ ಕ್ಯೂ ನಿಂತಳು. ಟೋಕನ್ ಸಿಕ್ಕಿತು, ಸರದಿ ಬಂತು. ಗುಮಾಸ್ತ ತಲೆಯೆತ್ತದೆಯೇ ಬಂದಿದ್ದೀರಾ ಎಂದು ಕೇಳಿದ. ಬಂದಿದ್ದೇನೆ ಎಂದಳು. ಆ ಸಾಧು ಮನುಷ್ಯ ಲೇಖನಿ ಕೆಳಗಿಟ್ಟು, ತಾಯಿ, ಹಾಗನ್ನಬೇಡಿ, ಬಂದಿದ್ದೇನೆ ಅಂದರೆ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ, ಬಂದಿಲ್ಲ ಅನ್ನಿ ಎಂದು ಮೆಲ್ಲಗೆ ತಿದ್ದಿದ. ಅವಳು ಬಂದಿಲ್ಲ ಎಂದಳು. ಹಾಗಿದ್ದರೆ ಇಲ್ಲಿ ಹೆಬ್ಬೆಟ್ಟು ಒತ್ತಿ ಎಂದ.

ಊಟಕ್ಕೂ ವಸತಿಗೂ ಅವಳು ಹಿಡಿದದ್ದು ಅಂಗಡಿಬೀದಿಯ ಲಿಂಗಾಜಮ್ಮನ ಮೆಸ್ಸು. ಲಿಂಗಾಜಮ್ಮ ಗಂಡ ಸತ್ತ ಮೇಲೆ ಒಲೆಯನ್ನೇ ನಂಬಿಕೊಂಡಾಕೆ, ಬಾಯಿ ಜೋರು, ಕೈ ಧಾರಾಳ. ಕುಮುದಿನಿ ಪ್ರಮಾಣ ಮುಗಿಸಿ ಸಪ್ಪಗೆ ಬಂದು ಕೂತಾಗಲೆಲ್ಲ ಆಕೆ ತಟ್ಟೆಗೆ ಇನ್ನೊಂದು ಮುದ್ದೆ ಇಡುತ್ತಿದ್ದಳು. ಹೀಗೆ ಐದು ವರ್ಷ ಕಳೆಯಿತು. ನಡುವೆ ಪಟ್ಟದಾನೆ ಭದ್ರನ ಪಾದದಲ್ಲಿ ಕೀವು ತುಂಬಿ, ಆಸ್ಥಾನದ ಪಂಡಿತರು ಕೈಚೆಲ್ಲಿದಾಗ, ಅದನ್ನು ತೊಳೆದು ಲೇಪ ಹಾಕಿ ನಡೆಸಿದವಳೂ ಕುಮುದಿನಿಯೇ. ಆ ವರ್ಷವೂ ಅವಳು ಇಲ್ಲವೆಂದು ಪ್ರಮಾಣ ಮಾಡಿದ್ದಳು.

ಓದು ಮುಗಿಯಿತು. ಗಿರಿನಾಡಿನಲ್ಲಿ ಗಜವೈದ್ಯರ ಹುದ್ದೆಯನ್ನು ಅವಳಿಗಾಗಿ ದೀಪಾವಳಿಯವರೆಗೆ ತೆರೆದಿಟ್ಟಿದ್ದರು. ಅಷ್ಟರೊಳಗೆ ಅವಳು ಸೇರದಿದ್ದರೆ ಅದು ಅಲ್ಲಿಯ ದೊರೆಯ ಭಾವಮೈದುನನಿಗೆ ಹೋಗುತ್ತಿತ್ತು. ಆತ ಕುದುರೆ ವೈದ್ಯ, ಆನೆಯೆಂದರೆ ದಪ್ಪ ಕುದುರೆ ಎಂದು ನಂಬಿದವನು. ಹಿಂದಿನ ಮಳೆಗಾಲದಲ್ಲಿ ಅವನ ಕಷಾಯ ಕುಡಿದು ಮಲಗಿದ ಎರಡು ಆನೆಗಳು ಮತ್ತೆ ಎದ್ದಿರಲಿಲ್ಲ. ಕುಮುದಿನಿ ಗಂಟು ಕಟ್ಟಿಕೊಂಡು ಕೋಟೆಯ ಹೆಬ್ಬಾಗಿಲಿಗೆ ಹೋದಳು.

ಹೆಬ್ಬಾಗಿಲಿನ ಅಧಿಕಾರಿ ಕಡತ ತೆಗೆಸಿ ನೋಡಿ ಹಣೆ ಉಜ್ಜಿಕೊಂಡ. ನೀವು ರಾಜ್ಯದೊಳಗೆ ಇಲ್ಲವೆಂದು ಐದು ಪ್ರಮಾಣಗಳಿವೆ, ಒಳಗಿಲ್ಲದವರನ್ನು ಹೊರಗೆ ಬಿಡಲು ನನಗೆ ಅಧಿಕಾರವಿಲ್ಲ ಎಂದ. ಅವಳು ಕರಮಂತ್ರಿಯ ಕಚೇರಿಗೆ ಓಡಿದಳು. ನಿಬಂಧನಭಟ್ಟ ಬಹಳ ಪ್ರೀತಿಯಿಂದ ಮಾತಾಡಿಸಿದ. ಹೊರಗೆ ಹೋಗಬೇಕಾದರೆ ಒಳಗಿದ್ದೆ ಎಂದು ಒಪ್ಪಿಕೊಳ್ಳಿ ಎಂದ. ಒಪ್ಪಿಕೊಂಡರೆ ಐದು ವರ್ಷದ ಮೂರು ಲೋಕದ ಕರ ಬಡ್ಡಿಸಮೇತ ಕಟ್ಟಬೇಕು, ಸುಳ್ಳು ಪ್ರಮಾಣಕ್ಕೆ ಸೆರೆಮನೆ ಬೇರೆ ಎಂಬುದನ್ನೂ ಅಷ್ಟೇ ಪ್ರೀತಿಯಿಂದ ತಿಳಿಸಿದ.

ದೀಪಾವಳಿ ಹತ್ತಿರವಾಗುತ್ತಿತ್ತು. ಹೋಗು ಅನ್ನುವವರಿಲ್ಲ, ಇರು ಅನ್ನುವವರೂ ಇಲ್ಲ. ಕೊನೆಗೆ ಲಿಂಗಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳನ್ನು ನೇರ ದರ್ಬಾರಿಗೆ ಕರೆದುಕೊಂಡು ಹೋದಳು.

ಮಹಾರಾಜ ಕುಮುದಿನಿಯನ್ನು ಕಂಡೊಡನೆ ಗುರುತು ಹಿಡಿದ. ಈಕೆ ನಮ್ಮ ಭದ್ರನ ಕಾಲು ವಾಸಿಮಾಡಿದವಳಲ್ಲವೆ, ನಾವೇ ಕಣ್ಣಾರೆ ಕಂಡಿದ್ದೇವಲ್ಲ ಎಂದ. ಪ್ರಭುಗಳ ಕಣ್ಣು ಕಮಲದಂಥದು, ಆದರೆ ಅದು ದಾಖಲೆಯಲ್ಲ ಎಂದ ನಿಬಂಧನಭಟ್ಟ. ಮಹಾರಾಜನಿಗೆ ಕಮಲದ ಮಾತು ಹಿಡಿಸಿತು, ಉಳಿದದ್ದನ್ನು ಬಿಟ್ಟುಕೊಟ್ಟ.

ಕುಮುದಿನಿ ಮುಂದೆ ಬಂದು ಕೈಮುಗಿದಳು.

“ಪ್ರಭು, ಭದ್ರನ ಕಾಲು ಊದಿದ್ದಾಗ ಒಂಬತ್ತು ರಾತ್ರಿ ಆನೆಲಾಯದ ಹುಲ್ಲಿನ ಮೇಲೆ ಮಲಗಿದ್ದೆ. ಆಗಲೂ ನಾನು ಇಲ್ಲಿ ಇರಲಿಲ್ಲವೇ? ಇಲ್ಲ ಇಲ್ಲ ಅಂತ ಆಣೆ ಮಾಡಿ ಮಾಡಿ, ಈಗೀಗ ಯಾರಾದರೂ ಹೆಸರು ಹಿಡಿದು ಕರೆದರೆ ಬೆಚ್ಚಿಬೀಳುತ್ತೇನೆ. ನಾನು ಇದ್ದೆ ಅಂತ ಇಲ್ಲಿ ಒಬ್ಬರಾದರೂ ಹೇಳಿ. ಆಮೇಲೆ ಕಳಿಸಿಕೊಡಿ.”

ಇಡೀ ಸಭೆ ನಿಬಂಧನಭಟ್ಟನ ಮುಖ ನೋಡಿತು. ಹೇಳಲು ಒಂದೇ ಒಂದು ಮಾತಿತ್ತು, ಅದನ್ನು ಹೇಳಿದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅಷ್ಟು ದೊಡ್ಡ ಸಭೆ ಅಷ್ಟು ಸಣ್ಣ ಮಾತಿಗೆ ಹಿಂಜರಿದದ್ದನ್ನು ಬರೆಯುವಾಗ ನನಗೆ ಈಗಲೂ ನಾಚಿಕೆಯಾಗುತ್ತದೆ.

“ಇದ್ಲು ಬುದ್ಧಿ,” ಎಂದಳು ಲಿಂಗಾಜಮ್ಮ. “ನಾನು ಹೇಳ್ತೀನಿ ಇದ್ಲು ಅಂತ. ಐದು ವರ್ಷ ನನ್ನ ಕೈಯಲ್ಲೇ ಉಂಡವಳೆ. ಬಸ್ಸಾರು ಮಾಡಿದ್ ದಿನ ಇನ್ನೊಂದು ಮುದ್ದೆ ಕೇಳೋಳು. ಇಲ್ದೇ ಇರೋರು ಮುದ್ದೆ ಕೇಳ್ತಾರಾ?”

ನಿಬಂಧನಭಟ್ಟ ಕರಣಿಕನ ಕಡೆ ತಿರುಗಿ ಬರೆದುಕೊಳ್ಳಲು ಹೇಳಿದ. ಇಲ್ಲದವಳು ಉಣ್ಣಲಾರಳು. ಆದ್ದರಿಂದ ಆ ಊಟವನ್ನು ಉಂಡವಳು ಲಿಂಗಾಜಮ್ಮನೇ. ಐದು ವರ್ಷ ಎರಡಾಳಿನ ಊಟ ಉಂಡದ್ದು ಆಕೆಯ ಘೋಷಿಸದ ಆದಾಯ. ಲಿಂಗಾಜಮ್ಮ ತನ್ನ ಸಣಕಲು ತೋಳನ್ನು ಒಮ್ಮೆ, ಮಂತ್ರಿಯ ಹೊಟ್ಟೆಯನ್ನು ಒಮ್ಮೆ ನೋಡಿದಳು.

ಆದರೂ ಮಹಾರಾಜ ಕರಗಿದ್ದ. ಏನಾದರೂ ದಾರಿ ಹುಡುಕು ಎಂದ. ನಿಬಂಧನಭಟ್ಟನ ಬಳಿ ದಾರಿ ಸಿದ್ಧವಾಗಿತ್ತು. ಈಕೆ ಬೆಳಿಗ್ಗೆ ವಿಧಿವತ್ತಾಗಿ ರಾಜ್ಯವನ್ನು ಪ್ರವೇಶಿಸಲಿ, ಸಂಜೆ ವಿಧಿವತ್ತಾಗಿ ನಿರ್ಗಮಿಸಲಿ. ಒಂದೇ ದಿನದ ಕರ, ಯಾರಿಗೂ ಹೊರೆಯಿಲ್ಲ.

“ಹಾಗಾದರೆ ಹೆಬ್ಬಾಗಿಲಿನ ಆಚೆ ಕಳಿಸಿ ಒಳಗೆ ಕರೆದುಕೊಳ್ಳಿ,” ಎಂದ ಮಹಾರಾಜ.

“ಆಚೆ ಕಳಿಸಲು ಆಕೆ ಒಳಗಿರಬೇಕಲ್ಲ ಪ್ರಭು.”

“ಮತ್ತೆ?”

“ಆಕೆ ಬಾಗಿಲಿಗೆ ಹೋಗುವಂತಿಲ್ಲ. ಆದ್ದರಿಂದ ಬಾಗಿಲೇ ಆಕೆಯ ಬಳಿಗೆ ಹೋಗತಕ್ಕದ್ದು.”

ಇದನ್ನೇ ಅಲ್ಲವೆ ಮನೆಬಾಗಿಲಿಗೆ ಆಡಳಿತ ಎನ್ನುವುದು ಎಂದು ಪ್ರಚಾರಾಧಿಕಾರಿ ಗದ್ಗದಿತನಾದ. ಮಹಾರಾಜ ಒಪ್ಪಿ ಮುದ್ರೆಯೊತ್ತಿದ. ಮರುದಿನದಿಂದಲೇ ಕೋಟೆಯ ಹೆಬ್ಬಾಗಿಲನ್ನು ಕಲ್ಲುಕಮಾನಿನ ಸಮೇತ ಕಿತ್ತು, ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಅಂಗಡಿಬೀದಿಗೆ ತಂದರು. ಎಳೆದದ್ದು ಭದ್ರ. ದಾರಿಗೆ ಅಡ್ಡವಾದ ಹೂವಿನಂಗಡಿ, ಬಳೆಯಂಗಡಿ, ಒಂದು ಅರಳೀಕಟ್ಟೆ ನೆಲಸಮವಾದವು. ಖರ್ಚಿಗೆಂದು ಪ್ರಜೆಗಳ ಮೇಲೆ ಬಾಗಿಲು ಸಾಗಣೆ ಸೆಸ್ಸು ಬಿತ್ತು. ಬಾಗಿಲು ಕಾಯುವುದೇ ಕೆಲಸವಾದ್ದರಿಂದ ಕಾವಲುಗಾರರೂ ಬಾಗಿಲಿನ ಜೊತೆಗೇ ನಡೆದು ಬಂದರು.

ಮುಹೂರ್ತದ ದಿನ ಬೆಳಿಗ್ಗೆ ಹೆಬ್ಬಾಗಿಲು ಮೆಸ್ಸಿನ ಎದುರು ಇನ್ನೂ ಅಂಗಾತ ಮಲಗಿತ್ತು. ಎತ್ತಿ ನಿಲ್ಲಿಸಲು ಹಗ್ಗ ಬಿಗಿಯುತ್ತಿದ್ದರು. ಕುಮುದಿನಿ ಜಗಲಿಯಲ್ಲಿ ನಿಂತು ನೋಡುತ್ತಿದ್ದಾಗ ಕೋಟೆಯಾಚೆಗೆ ಮೇಯಲು ಹೊರಟ ದನಗಳ ಹಿಂಡು ಬೀದಿಯಲ್ಲಿ ಹಾದುಹೋಯಿತು. ಎಂದೂ ಇಷ್ಟು ಹೊತ್ತಿಗೆ ದನ ಬಿಡುತ್ತಿರಲಿಲ್ಲ, ಬಾಗಿಲು ತೆರೆಯಲು ಕಾಯಬೇಕಿತ್ತು. ಅವಳು ಒಳಗೆ ಹೋಗಿ ಗಂಟು ತೆಗೆದುಕೊಂಡಳು.

ಲಿಂಗಾಜಮ್ಮ ಗಂಟು ನೋಡಿಯೇ ಅರ್ಥಮಾಡಿಕೊಂಡಳು. ಬುತ್ತಿ ಕಟ್ಟಿದಳು, ಕಟ್ಟುವಾಗ ಕಣ್ಣು ಒರೆಸಿಕೊಂಡಳು. ಹೀಗೆ ಹೋದರೆ ತಪ್ಪಾಗುತ್ತದೆಯೇ ಎಂದು ಕುಮುದಿನಿ ಕೇಳಿದಳು.

“ಇಲ್ದೇ ಇರೋಳು ಹೋದ್ರೆ ಯಾರು ತಡೀತಾರೆ ಕಣವ್ವ,” ಎಂದಳು ಲಿಂಗಾಜಮ್ಮ. “ನಂಗಂತೂ ನೀನು ಇದ್ದೆ. ಈಗ ಹೋಯ್ತಾ ಇದ್ದೀಯ. ನಿನ್ನಾನೆಗಳು ಕಾಯ್ತಾ ಅವೆ, ನಡಿ.”

ಎಲ್ಲರ ಕಣ್ಣೂ ಮಲಗಿದ ಬಾಗಿಲಿನ ಮೇಲಿತ್ತು. ಭದ್ರ ಮಾತ್ರ ಅವಳನ್ನು ಕಂಡು ಸೊಂಡಿಲು ಚಾಚಿದ, ಅವಳು ಒಮ್ಮೆ ಅದನ್ನು ತಬ್ಬಿ ಬಿಟ್ಟಳು. ಆಮೇಲೆ ದನಗಳ ಹಿಂದೆ ನಡೆದು, ಹೆಬ್ಬಾಗಿಲು ಇದ್ದ ಜಾಗದ ದೊಡ್ಡ ಕಂಡಿಯಿಂದ ಆಚೆ ಹೋದಳು. ದೀಪಾವಳಿಗೆ ಮೊದಲೇ ಊರು ಸೇರಿದಳೆಂದೂ, ಕುದುರೆ ವೈದ್ಯ ಕುದುರೆಗಳ ಬಳಿಗೆ ಮರಳಿದನೆಂದೂ ಆಮೇಲೆ ವರ್ತಕರು ಹೇಳಿದರು.

ಇತ್ತ ಬಾಗಿಲು ಎದ್ದು ನಿಂತಿತು. ಮಹಾರಾಜ ಬಂದ. ಪೂರ್ಣಕುಂಭ, ನಾದಸ್ವರ, ಸಾಲಂಕೃತ ಸುಮಂಗಲಿಯರು ಎಲ್ಲ ಸಿದ್ಧ. ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಚಡಪಡಿಸುತ್ತಿದ್ದರು. ಅಷ್ಟರಲ್ಲಿ ಮೆಸ್ಸಿನ ಕದ ತೆರೆಯಿತು. ಕಲಗಚ್ಚಿನ ಬಕೆಟ್ಟು ಹಿಡಿದು ಲಿಂಗಾಜಮ್ಮ ಹೆಬ್ಬಾಗಿಲು ದಾಟಿ ಬೀದಿಗೆ ಬಂದಳು. ಶಂಖ ಊದಿದರು, ಹಾರ ಹಾಕಿದರು, ಆಸ್ಥಾನಕವಿ ಸಿದ್ಧವಾಗಿಟ್ಟುಕೊಂಡಿದ್ದ ಪದ್ಯ ಓದಿಯೇಬಿಟ್ಟ.

ಬರಬೇಕಾದವಳು ಇವಳೇ ಏನು ಎಂದು ಮಹಾರಾಜ ಮೆಲ್ಲಗೆ ಕೇಳಿದ.

“ಬಾಗಿಲಿನಿಂದ ಬಂದವರೇ ಬರಬೇಕಾದವರು, ಪ್ರಭು,” ಎಂದ ನಿಬಂಧನಭಟ್ಟ.

ಅವನು ಸಾಮಾನ್ಯನಲ್ಲ. ಹಾರ ಹೊತ್ತು ನಿಂತ ಲಿಂಗಾಜಮ್ಮನನ್ನು, ಇದಕ್ಕೆ ಮೊದಲು ನೀನು ರಾಜ್ಯವನ್ನು ಪ್ರವೇಶಿಸಿದ್ದು ಯಾವಾಗ ಎಂದು ಕೇಳಿದ. ಹುಟ್ಟಿದ್ದೇ ಇಲ್ಲಿ ಎಂದಳು. ಹುಟ್ಟಿದ್ದನ್ನು ಕೇಳಲಿಲ್ಲ, ಪ್ರವೇಶಿಸಿದ್ದನ್ನು ಕೇಳಿದೆ ಎಂದ. ಅಲ್ಲಿ ನೆರೆದಿದ್ದ ಪ್ರಜೆಗಳನ್ನೂ ಒಬ್ಬೊಬ್ಬರಾಗಿ ಕೇಳಿದ. ಒಬ್ಬರೂ ಹೆಬ್ಬಾಗಿಲಿನಿಂದ ಬಂದವರಲ್ಲ, ಎಲ್ಲರೂ ತಾಯಿಯ ಹೊಟ್ಟೆಯಿಂದ ನೇರ ಒಳಗೇ ಬಂದವರು. ಇಷ್ಟು ದೊಡ್ಡ ಸೋರಿಕೆ ತಾತನ ಕಾಲದಿಂದಲೂ ಯಾರ ಗಮನಕ್ಕೂ ಬಂದಿರಲಿಲ್ಲವಲ್ಲ ಎಂದು ಮಹಾರಾಜ ನಿಟ್ಟುಸಿರುಬಿಟ್ಟ.

ಅಂದಿನಿಂದ ಸಮೃದ್ಧಾವತಿಯ ಪ್ರತಿಯೊಬ್ಬ ಪ್ರಜೆಯೂ ಆ ಬಾಗಿಲನ್ನು ದಾಟಿ, ಪ್ರವೇಶ ಶುಲ್ಕ ಕಟ್ಟಿ, ಸ್ವಂತ ಊರಿಗೆ ಬರಬೇಕಾಯಿತು. ಹೆಬ್ಬಾಗಿಲು ಅಂಗಡಿಬೀದಿಯಲ್ಲಿಯೇ ಕಾಯಂ ಆಯಿತು. ಅದರ ತಲೆಗೆ ಮಹಾರಾಜನೇ ನಿಂತು ಚಿನ್ನದ ಕಿರೀಟ ತೊಡಿಸಿದ. ನಿಬಂಧನಭಟ್ಟನಿಗೆ ‘ದ್ವಾರಸಾರ್ವಭೌಮ’ ಎಂಬ ಬಿರುದು ಬಂತು, ರ‍್ಯಾಂಕಿಂಗಿನಲ್ಲೂ ರಾಜ್ಯ ಮೇಲೇರಿತು. ಒಂದೇ ವರ್ಷದಲ್ಲಿ ಅಷ್ಟೊಂದು ಮಂದಿ ಹೊಸಬರು ಬಂದ ರಾಜ್ಯ ಇನ್ನೊಂದಿರಲಿಲ್ಲ. ಕೋಟೆಗೋಡೆಯ ಕಂಡಿ ಮಾತ್ರ ಹಾಗೆಯೇ ಉಳಿಯಿತು, ಅಲ್ಲಿ ಬಾಗಿಲಿಲ್ಲದ್ದರಿಂದ ಅದು ಯಾವ ಇಲಾಖೆಗೂ ಸೇರಲಿಲ್ಲ.

ಲಿಂಗಾಜಮ್ಮನ ಮೆಸ್ಸಿನಲ್ಲಿ ಈಗ ಊಟದ ದರ ಎರಡರಷ್ಟಾಗಿದೆ. ನೀರಿಗೆ ಹೊರಟರೆ ಆಕೆ ರಾಜ್ಯವನ್ನು ಪ್ರವೇಶಿಸಿದಂತೆ, ಕೊಡ ಹೊತ್ತು ಮನೆಗೆ ಮರಳಿದರೆ ನಿರ್ಗಮಿಸಿದಂತೆ. ಕಾವಲುಗಾರರು ಒಳ್ಳೆಯವರು, ಪ್ರತಿ ಸಲವೂ ನಮಸ್ಕಾರ ಮಾಡಿಯೇ ವಸೂಲಿ ಮಾಡುತ್ತಾರೆ. ಹಿತ್ತಲಿಗೊಂದು ಬಾಗಿಲು ಇಡಿಸಬಾರದೇ ಎಂದು ಉಣ್ಣಲು ಬಂದವರೊಬ್ಬರು ಕೇಳಿದರು.

“ಅರ್ಜಿ ಹಾಕಿವ್ನಿ ಕಣಪ್ಪ,” ಎಂದಳು ಆಕೆ, ಸಾರು ಬಡಿಸುತ್ತ. “ನಾನಿರೋದು ಒಳಗೋ ಹೊರಗೋ ಅಂತ ಮೊದ್ಲು ತೀರ್ಮಾನ ಆಗ್ಬೇಕಂತೆ. ಅಲ್ಲೀಗಂಟ ಎರಡು ಕಡೇದೂ ಕಟ್ಟು ಅಂದವ್ರೆ.”