ತೊಟ್ಟಿಲ ಮುಂದೆ ಪೂರ್ತಿ ಕಂಪ್ಯೂಟರು

"ಟ್ಯಾಬ್ ಅಂದ್ರ ಏನಂತ ತಿಳದೀ? ಕೈಕಾಲು ಕಟ್ಟಿ ಕುಂದರಿಸಿದ ಕಂಪ್ಯೂಟರ್! ಅದರ ಕಟ್ಟು ಬಿಚ್ಚಾಂವ ಈ ಮಿಶ್ರಿಕೋಟಿಯೊಳಗ ಒಬ್ಬನ ಒಬ್ಬ. ಅವನ ನಾನು!"

ಎಡಗೈಯಲ್ಲಿ ಉಪ್ಪಿಟ್ಟಿನ ತಾಟು, ಬಲಗೈಯಲ್ಲಿ ಚಮಚ ಹಿಡಿದು ಯಲ್ಲೇಶ ಈ ಮಹಾಪ್ರತಿಜ್ಞೆ ಮಾಡಿದಾಗ ಎದುರಿಗಿದ್ದವಳು ಹೆಂಡತಿ ಸುಮಂಗಲಾ ಒಬ್ಬಳೇ. ಅವಳು ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮದುವೆಯಾದಾಗಿನಿಂದ ಇಂಥ ಪ್ರತಿಜ್ಞೆಗಳನ್ನು ಕೇಳಿ ಕೇಳಿ ಅವಳ ಕಿವಿ ಪಳಗಿಹೋಗಿತ್ತು.

"ಯಾರ ಟ್ಯಾಬಿನ ಕಟ್ಟು ಬಿಚ್ಚಾವ್ರು ನೀವು?" ಎಂದಳು, ತಲೆ ಎತ್ತದೆ.

"ನಿಂದು."

ದಾರ ಸೂಜಿಯಿಂದ ಜಾರಿತು.

ಟ್ಯಾಬ್ ನಿಜವಾಗಿಯೂ ಸುಮಂಗಲಾಳದ್ದೇ. ಊರ ಹೆಂಗಸರಿಗೆ ಬ್ಲೌಸ್ ಹೊಲಿದುಕೊಟ್ಟು ಕೂಡಿಸಿದ ದುಡ್ಡಿನಲ್ಲಿ ಕೊಂಡದ್ದು. ಬಂದವರಿಗೆ ತೋಳಿನ ಡಿಸೈನು, ಬೆನ್ನಿನ ಡಿಸೈನು ತೋರಿಸುವುದು, ಸಂಜೆ ಧಾರಾವಾಹಿ ನೋಡುವುದು, ತವರಿನವರ ಜೊತೆ ವಿಡಿಯೋದಲ್ಲಿ ಹರಟುವುದು, ಇಷ್ಟನ್ನೂ ಅದು ಒಂದು ದಿನವೂ ತಕರಾರು ತೆಗೆಯದೆ ಮಾಡಿಕೊಂಡು ಬಂದಿತ್ತು. ಯಲ್ಲೇಶನ ಕಣ್ಣಲ್ಲಿ ಅದೇ ಅದರ ದೊಡ್ಡ ದೋಷ! ತಕರಾರು ಮಾಡದ ಯಂತ್ರದಲ್ಲಿ ದಮ್ಮಿಲ್ಲ ಎಂಬುದು ಅವನ ಸಿದ್ಧಾಂತ. ಕಲಘಟಗಿಯ ಸಹಕಾರಿ ಸಂಘವೊಂದರಲ್ಲಿ ಅವನು ಗುಮಾಸ್ತ. ಅಲ್ಲಿನ ಕಂಪ್ಯೂಟರು ದಿನಾ ಬೆಳಿಗ್ಗೆ ಅವನನ್ನು ಅಳುವಂತೆ ಮಾಡಿಯೇ ಶುರುವಾಗುತ್ತಿತ್ತು. ಹಾಗಾಗಿ ಅದರ ಮೇಲೆ ಅವನಿಗೆ ಅಪಾರ ಗೌರವ.

ಸಂಘದಲ್ಲಿ ಬಾಜೂ ಖುರ್ಚಿಯ ನಿಯಾಜ್ ಜೊತೆ ಈ ವಿಷಯದಲ್ಲಿ ಅವನಿಗೆ ದಿನಾ ವಾಗ್ಯುದ್ಧ.

"ಟ್ಯಾಬಿಗೆ ಪೂರ್ತಿ ಕಂಪ್ಯೂಟರಿನ ಓಎಸ್ ಹಾಕಬೇಕು, ನಿಯಾಜ್! ಯಂತ್ರ ಒಂದ, ಕೆಲಸ ಎಲ್ಲಾ!" ಎನ್ನುತ್ತಿದ್ದ ಯಲ್ಲೇಶ. ಓಎಸ್ ಎಂದರೆ ಯಂತ್ರವನ್ನು ಒಳಗೆ ಕೂತು ಆಳುವ ಮೂಲ ಸಾಫ್ಟ್‌ವೇರು.

"ಬ್ಯಾಡ್ರಿ ಯಲ್ಲೇಶಣ್ಣಾ. ಬೆರಳಲೆ ಒತ್ತೂದು ಬ್ಯಾರೆ, ಮೌಸ್ ಹಿಡದು ನಡಸೂದು ಬ್ಯಾರೆ."

"ಹಂಗಂತ ಕಂಪನಿಯವ್ರು ನಿಮ್ಮ ತಲ್ಯಾಗ ತುಂಬ್ಯಾರ! ಎರಡೂ ಮಾರಬೇಕಲ್ಲ ಅವರಿಗೆ?"

"ಇದ್ದರೂ ಇರಬಹುದ್ರಿ. ಆದ್ರ ಮನಿಯವರ ಟ್ಯಾಬ್ ಮಾತ್ರ ಮುಟ್ಟಬ್ಯಾಡ್ರಿ."

ಮುಟ್ಟಬೇಡ ಎಂದ ಮೇಲೆ ಮುಟ್ಟದೆ ಇರಲು ಯಲ್ಲೇಶನೇನು ಸಾಮಾನ್ಯ ಮನುಷ್ಯನೇ?

ಮುಟ್ಟಲು ಒಂದು ಶುಭಕಾರಣವೂ ಒದಗಿಬಂದಿತ್ತು. ಅವನ ತಂಗಿ ರಾಜೇಶ್ವರಿ ಹೆರಿಗೆಗೆ ತವರಿಗೆ ಬಂದವಳು ಹೆಣ್ಣುಮಗು ಹೆತ್ತಿದ್ದಳು. ಮರುದಿನವೇ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ರಾಜೇಶ್ವರಿಯ ಗಂಡ ಸಿದ್ಧಲಿಂಗ ದೂರದ ಹಿಮದ ಗುಡ್ಡಗಳಲ್ಲಿ ರಸ್ತೆ ಕೆಲಸಕ್ಕೆ ಜೆಸಿಬಿ ಓಡಿಸುತ್ತಿದ್ದ. ರಜೆ ಸಿಕ್ಕಿರಲಿಲ್ಲ. ಕೆಲಸದ ಜಾಗದಲ್ಲಿ ಸಿಗ್ನಲ್ ಇಲ್ಲ. ಫೋಟೋ ಬಿಟ್ಟರೆ ಮಗಳು ಕೈಕಾಲು ಆಡಿಸುವುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಕಾರ್ಯದ ದಿನ ಮಾತ್ರ ಗುತ್ತಿಗೆದಾರನ ಕೈಕಾಲು ಹಿಡಿದು ಕೆಳಗಿನ ಚಹಾದಂಗಡಿಗೆ ಇಳಿದು ಬರುವವನಿದ್ದ. ಆ ಅಂಗಡಿಯ ಮಾಳಿಗೆ ಹತ್ತಿ ನಿಂತರೆ ಸಿಗ್ನಲ್ ಸಿಗುತ್ತಿತ್ತು. ಮಧ್ಯಾಹ್ನ ಜೀಪು ವಾಪಸ್ ಹೊರಡುವವರೆಗೆ ಅವನು ಅಲ್ಲಿ ಇರುತ್ತಿದ್ದ.

"ಅವರು ನೋಡದ ನಾ ಕೂಸಿನ್ನ ತೊಟ್ಟಲಕ್ಕ ಹಾಕಾಂಗಿಲ್ಲ," ಎಂದು ರಾಜೇಶ್ವರಿ ಮೊದಲೇ ಹೇಳಿಬಿಟ್ಟಿದ್ದಳು.

"ಅದರ ಜಿಮ್ಮೇದಾರಿ ನಂದು!" ಎಂದ ಯಲ್ಲೇಶ. "ಫೋನಿನ ಅಂಗೈಯಗಲದಾಗ ಏನ್ ಕಾಣತೈತಿ? ಟ್ಯಾಬಿನಾಗ ದೊಡ್ಡದಾಗಿ ತೋರಸೂಣು. ಅದೂ ಪೂರ್ತಿ ಕಂಪ್ಯೂಟರ್ ಮಾಡಿ! ವಿಡಿಯೋನೂ ನಡೀಬೇಕು, ರೆಕಾರ್ಡೂ ಆಗಬೇಕು, ಬಾಜೂಕ ಆಲ್ಬಮ್ಮೂ ತಯಾರಾಗಬೇಕು!"

"ಈಗಿದ್ದಂಗ ಒಂದ ಬೆರಳ ಒತ್ತಿದ್ರ ಅವರ ಮಾರಿ ಬರತೈತಲ್ರಿ," ಎಂದಳು ಸುಮಂಗಲಾ.

"ಬರೇ ಮಾರಿ ಬಂದ್ರ ಸಾಕೇನು? ನಿನಗ ತಿಳಿಯೂದಿಲ್ಲ, ಸುಮ್ನಿರು."

ಸಂಜೆ ಚಹಾದ ಹೊತ್ತಿಗೆ ಶಸ್ತ್ರಕ್ರಿಯೆ ಶುರುವಾಯಿತು. ವಿಡಿಯೋ ನೋಡುತ್ತ, ಪೆನ್‌ಡ್ರೈವ್ ಚುಚ್ಚುತ್ತ, ಬೈಯುತ್ತ, ಬೆವರುತ್ತ ಯಲ್ಲೇಶ ಊಟದ ಹೊತ್ತಿಗೆ ಕೆಲಸ ಮುಗಿಸಿದ. ಟ್ಯಾಬಿನ ಪರದೆಯ ಮೇಲೆ ಥೇಟ್ ಆಫೀಸಿನ ಕಂಪ್ಯೂಟರೇ ಬಂದು ಕೂತಿತು! ಹೆಂಡತಿ, ತಾಯಿ, ತಂಗಿ ಮೂವರನ್ನೂ ಕರೆದು ತೋರಿಸಿದ. ತಾಯಿ ದುರಗವ್ವ ಬಗ್ಗಿ ನೋಡಿ, "ಅಕ್ಷರೆಲ್ಲಾ ಸಾಸಿವಿ ಕಾಳಿನಷ್ಟ ಆಗ್ಯಾವಲ್ಲೋ," ಎಂದಳು.

ಅಕ್ಷರಗಳಷ್ಟೇ ಅಲ್ಲ, ಒತ್ತುವ ಗುಂಡಿಗಳೂ ಸಾಸಿವೆ ಕಾಳೇ. ಯಲ್ಲೇಶ ತೆರೆಯಲೆಂದು ಒತ್ತಿದರೆ ಮುಚ್ಚುತ್ತಿತ್ತು, ಮುಚ್ಚಲೆಂದು ಒತ್ತಿದರೆ ಇನ್ನೊಂದು ತೆರೆಯುತ್ತಿತ್ತು. ಅವನ ಬೆರಳೊಂದು ಏಕಕಾಲಕ್ಕೆ ನಾಲ್ಕು ಗುಂಡಿಗಳ ಮೇಲೆ ಕೂರುತ್ತಿತ್ತು. ಅಕ್ಷರ ಒತ್ತುವ ಕೀಲಿಮಣೆ ಬೇಕಾದಾಗ ಮೇಲೆ ಬರುತ್ತಿರಲಿಲ್ಲ. ಬೇಡವಾದಾಗ ಅರ್ಧ ಪರದೆ ಮುಚ್ಚಿಕೊಂಡು ಬಂದು ಕೂರುತ್ತಿತ್ತು.

"ಇದಕ್ಕೊಂದು ಮೌಸ್ ಇದ್ರ ಮುಗೀತು," ಎಂದ.

ಊರೊಳಗಿನ ಪರಿಚಯದವರ ಮನೆಯಿಂದ ರಾತ್ರಿಯೇ ಮೌಸ್ ಬಂತು. ಮೌಸ್ ಬಂದ ಮೇಲೆ ಕೀಬೋರ್ಡು ಬೇಕೆನ್ನಿಸಿತು, ಅದೂ ಬಂತು. ಟ್ಯಾಬಿಗೆ ಇರುವುದು ಒಂದೇ ತೂತು. ಅದಕ್ಕೆ ಮೌಸು, ಕೀಬೋರ್ಡು, ಚಾರ್ಜರು ಮೂರನ್ನೂ ಸಿಕ್ಕಿಸುವ ಡಬ್ಬಿಯೊಂದು ಬಂತು. ಚಾರ್ಜರಿನ ವಾಯರು ಗೋಡೆ ಮುಟ್ಟಲಿಲ್ಲವೆಂದು ಎಕ್ಸ್‌ಟೆನ್ಶನ್ ಬೋರ್ಡು ಬಂತು. ಇವೆಲ್ಲವನ್ನೂ ಇಡಲು ಸುಮಂಗಲಾಳ ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ ಮೇಜು ಖಾಲಿ ಮಾಡಿದ್ದಾಯಿತು. ಬೆಳಗಾಗುವಷ್ಟರಲ್ಲಿ ಟ್ಯಾಬು ಕಾದು ಹೆಂಚಾಗತೊಡಗಿದ್ದರಿಂದ ಅದಕ್ಕೊಂದು ಟೇಬಲ್ ಫ್ಯಾನೂ ಬಂತು.

ಸುಮಂಗಲಾ ಸೊಂಟದ ಮೇಲೆ ಕೈಯಿಟ್ಟು ಟ್ಯಾಬಿನ ಇಡೀ ಸಂಸಾರವನ್ನು ನೋಡಿದಳು. "ಕೈಯಾಗ ಹಿಡಕೊಂಡು ಅಡ್ಡಾಡಾಕ ಅಂತ ತಗೊಂಡಿದ್ದೆ. ಈಗ ಇದಕ್ಕ ಒಂದ ಖೋಲಿ ಬಿಟ್ಟಕೊಡಬೇಕಾತಲ್ರಿ! ಹಿಂಗ ಇದ್ರ ಕಂಪ್ಯೂಟರ್ರ ತರಬಹುದಿತ್ತಲ್ಲ?"

"ಕಂಪ್ಯೂಟರ್ ಹಗರ ಇರೂದಿಲ್ಲ, ಇದು ಹಗರ ಐತಿ!" ಎಂದು ಯಲ್ಲೇಶ ಎಡವಿದ್ದ ವಾಯರನ್ನು ಕಾಲಿನಿಂದ ಬಿಡಿಸಿಕೊಳ್ಳುತ್ತ ಹೇಳಿದ.

ಮಂದಿ ಬರತೊಡಗಿದರು. ಸಿದ್ಧಲಿಂಗನ ಅಕ್ಕ ಸೋದರತ್ತೆಯಾಗಿ ಹೆಸರು ಹೇಳಲು ಯರಗುಪ್ಪಿಯಿಂದ ಬಂದಳು. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಹೂವಿನ ಸರ ಕಟ್ಟಿದ್ದಾಯಿತು. ತೊಟ್ಟಿಲ ಮುಂದೆ ಮೇಜು, ಮೇಜಿನ ಮೇಲೆ ಯಲ್ಲೇಶನ ಕಾರ್ಖಾನೆ! ತನ್ನ ಫೋನಿನ ಡೇಟಾ ಹಿಂದಿನ ರಾತ್ರಿಯೇ ಖರ್ಚಾಗಿದ್ದರಿಂದ ಟ್ಯಾಬಿಗೆ ಬೇಕಾದ ಇಂಟರ್ನೆಟ್ಟನ್ನು ರಾಜೇಶ್ವರಿಯ ಫೋನಿನಿಂದ ಎಳೆದುಕೊಂಡಿದ್ದ. "ಈ ಫೋನ್ ಯಾರೂ ಮುಟ್ಟಬ್ಯಾಡ್ರಿ!" ಎಂದು ಅದನ್ನು ದೇವರ ಜಗುಲಿಯ ಮೇಲಿಟ್ಟ.

ಹೇಳಿದ ಹೊತ್ತಿಗೆ ಸರಿಯಾಗಿ ಸಿದ್ಧಲಿಂಗನ ಕರೆ ಬಂತು. ಯಲ್ಲೇಶ ಬಾಣದ ಗುರುತನ್ನು ಓಡಾಡಿಸಿ, ಗುರಿಯಿಟ್ಟು, ಹಸಿರು ಗುಂಡಿ ಒತ್ತಿದ. ಪರದೆಯ ಮೇಲೆ ಮಂಕಿ ಟೋಪಿ ಹಾಕಿದ ಸಿದ್ಧಲಿಂಗ, ಹಿಂದೆ ಬಿಳಿ ಗುಡ್ಡ!

"ಮಾಮಾ, ಇದ್ಯಾಕ ಹಿಂಗ? ತೊಟ್ಟಲ ನೆತ್ತಿಗೆ ಜೋತುಬಿದ್ದೈತಿ, ಮಂದಿ ಎಲ್ಲಾ ತಲಿಕೆಳಗ ನಿಂತಾರ!"

ಹೊಸ ಓಎಸ್ಸಿಗೆ ಟ್ಯಾಬಿನ ಕ್ಯಾಮೆರಾ ಯಾವ ಕಡೆ ಮೇಲು, ಯಾವ ಕಡೆ ಕೆಳಗು ಎಂಬುದೇ ಗೊತ್ತಿರಲಿಲ್ಲ. ಯಲ್ಲೇಶ ಟ್ಯಾಬನ್ನೇ ತಿರುವಿ ಇಟ್ಟ. ಈಗ ಸಿದ್ಧಲಿಂಗನಿಗೆ ಇವರು ನೆಟ್ಟಗೆ ಕಂಡರು. ಆದರೆ ಇವರಿಗೆ ಸಿದ್ಧಲಿಂಗ ಗುಡ್ಡದಿಂದ ತಲೆಕೆಳಗಾಗಿ ಜೋತುಬಿದ್ದ! ಮೊದಲೇ ಗಾಬರಿಯಲ್ಲಿದ್ದ ಅವನ ಅಕ್ಕ, "ಅಯ್ಯ ನನ್ನ ತಮ್ಮಾ!" ಎಂದು ಎದೆ ಬಡಿದುಕೊಂಡಳು. ಕೊನೆಗೆ ಸಿದ್ಧಲಿಂಗನೇ, "ನಾ ಹ್ಯಾಂಗರ ಕಾಣಲಿ ಬಿಡ್ರಿ, ನನ್ನ ಮಗಳನ್ನ ತೋರಸ್ರಿ," ಎಂದ. ರಾಜೇಶ್ವರಿ ಕೂಸನ್ನೆತ್ತಿಕೊಂಡು ಮೇಜಿನ ಮುಂದೆ ಬಂದಳು.

ಪರದೆ ನೀಲಿಯಾಯಿತು. ನಡುವೆ ಬಿಳಿ ಅಕ್ಷರ ಮೂಡಿತು: ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಬಂದ್ ಮಾಡಬೇಡಿ. ಮೂರು ಪರ್ಸೆಂಟ್.

"ಈಗ್ಯಾಕ?" ಎಂದ ಯಲ್ಲೇಶ, ಯಂತ್ರಕ್ಕೆ.

ಯಂತ್ರ ಉತ್ತರ ಕೊಡಲಿಲ್ಲ. ಪೂರ್ತಿ ಕಂಪ್ಯೂಟರುಗಳು ಯಾರಿಗೂ ಉತ್ತರ ಕೊಡುವುದಿಲ್ಲ, ಅದು ಅವುಗಳ ಘನತೆ!

ಹೆಂಗಸರು ಜೋಗುಳ ಶುರು ಮಾಡಿದರು. ಬರುತ್ತಿದ್ದ ಜೋಗುಳಗಳೆಲ್ಲ ಮುಗಿದು ಎರಡನೇ ಸುತ್ತು ನಡೆಯಿತು. ಕೂಸು ತೊಟ್ಟಿಲಿಗೆ ಬೀಳುವ ಮೊದಲೇ ನಿದ್ದೆ ಹೋಯಿತು.

"ಎಷ್ಟಾತೋ ಯಲ್ಲ್ಯಾ?" ಎಂದಳು ದುರಗವ್ವ.

"ಹನ್ನೆರಡು, ಯವ್ವಾ."

"ಎಷ್ಟಕ್ಕ?"

"ನೂರಕ್ಕ."

"ಅಷ್ಟರಾಗ ಎಮ್ಮಿ ಈದು, ಗಿಣ್ಣ ಕಾಸಿ, ಮಂದಿಗೆಲ್ಲಾ ಹಂಚಬಹುದು ಬಿಡು."

ರಾಜೇಶ್ವರಿ ಹನಿಗಣ್ಣಾಗಿದ್ದಳು. "ಅಣ್ಣಾ, ಅವರಿಗೆ ನನ್ನ ಫೋನಿಗೇ ವಿಡಿಯೋ ಮಾಡಾಕ ಹೇಳತೀನಿ."

"ಬ್ಯಾಡ! ಅದನ್ನ ಮುಟ್ಟಿದ್ರ ಟ್ಯಾಬಿನ ಇಂಟರ್ನೆಟ್ ಕಡಿತೈತಿ!"

ಸುಮಂಗಲಾಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಅಂದ್ರ, ಮಾತಾಡೂ ಫೋನ್ ಜಗಲಿ ಮ್ಯಾಲ ಕುಂತು, ಮಾತಾಡದ ಟ್ಯಾಬಿಗೆ ಹಾಲು ಕುಡಸಾಕತ್ತೈತೇನ್ರಿ? ಕೂಸಿನ ಅಪ್ಪ ಮಾಳಿಗಿ ಮ್ಯಾಲ ಥಂಡ್ಯಾಗ ನಿಂತಾನ್ರಿ!"

ಯಲ್ಲೇಶನಿಗೆ ಸಿಟ್ಟು ಬಂತು. ಹೆಂಡತಿಯ ಮೇಲಲ್ಲ, ನಿಯಾಜನ ಮೇಲೆ. ನಾಳೆ ಬಾಜೂ ಖುರ್ಚಿಯಿಂದ ಆ ಮನುಷ್ಯ ಏನೂ ಅನ್ನದೆ ಬರೀ ಚಹಾ ಹೀರುತ್ತಾನೆ, ಅದೇ ಸಾಕು! ಬಹಳ ಹೊತ್ತಿನ ಮೇಲೆ ಪರ್ಸೆಂಟು ಎಂಬತ್ತು ದಾಟಿತು, ಎಂಬತ್ತೆಂಟಾಯಿತು. ಇನ್ನೇನು ಸ್ವಲ್ಪ! ಅಷ್ಟರಲ್ಲಿ ಜಗುಲಿಯ ಮೇಲಿನ ಫೋನು ರಿಂಗಾಯಿತು. ಸುಮಂಗಲಾ ಫೋನನ್ನು ಅಲ್ಲೇ ಇರಗೊಟ್ಟು ಸ್ಪೀಕರ್ ಒತ್ತಿದಳು.

"ಮಾಮಾ," ಸಿದ್ಧಲಿಂಗನ ದನಿ ನಡುಗುತ್ತಿತ್ತು, "ಜೀಪಿನವ ಹಾರ್ನ್ ಹೊಡ್ಯಾಕತ್ತಾನ. ಇರಲಿ ಬಿಡ್ರಿ, ನೀವು ಕಾರ್ಯ ಮುಗಸ್ರಿ. ನಾ ಮತ್ತ ಯಾವಾಗರ ನೋಡತೀನಿ."

ರಾಜೇಶ್ವರಿ ಕೂಸಿನ ತಲೆಗೆ ಮುಖವಿಟ್ಟು ಬಿಕ್ಕಿದಳು. ಯಲ್ಲೇಶ ತಂಗಿಯತ್ತ ನೋಡಿದ. ಎತ್ತಿ ಆಡಿಸಿ ಬೆಳೆಸಿದ ತಂಗಿ! ಎಂಬತ್ತೆಂಟು ಪರ್ಸೆಂಟು, ಓಎಸ್ಸು, ನಿಯಾಜ್, ಎಲ್ಲವೂ ಅವನ ತಲೆಯಿಂದ ಹಾರಿಹೋದವು.

"ಹೋಗಬ್ಯಾಡೋ ಸಿದ್ಧಲಿಂಗಾ! ನಿಂದರಸು ಜೀಪ್!" ಎಂದು ಕೂಗುತ್ತ ಫೋನಿನತ್ತ ಧಾವಿಸಿದ. ಧಾವಿಸಿದ ಕಾಲಿಗೆ ಎಕ್ಸ್‌ಟೆನ್ಶನ್ನಿನ ವಾಯರು ಸಿಕ್ಕಿತು. ಗೋಡೆಯಿಂದ ಪ್ಲಗ್ಗು ಕಿತ್ತಿತು, ಫ್ಯಾನು ಬಿತ್ತು, ಮೌಸು ಹಾರಿ ಹೋಳಿಗೆಯ ಬುಟ್ಟಿಯಲ್ಲಿ ಬಿತ್ತು. ಚಾರ್ಜರು ಕೊಟ್ಟದ್ದಕ್ಕಿಂತ ಹೆಚ್ಚು ತಿಂದು ಬ್ಯಾಟರಿ ಬತ್ತಿದ್ದ ಟ್ಯಾಬು ಒಮ್ಮೆ ಮಿನುಗಿ ಕಪ್ಪಾಯಿತು. ಯಲ್ಲೇಶ ತಿರುಗಿಯೂ ನೋಡಲಿಲ್ಲ. ಫೋನನ್ನು ತಂದು ತಂಗಿಯ ಕೈಗಿಟ್ಟ.

ಒಂದೇ ಬೆರಳು. ಅಂಗೈಯಗಲದಲ್ಲಿ ಸಿದ್ಧಲಿಂಗ ಮೂಡಿದ, ನೆಟ್ಟಗೆ!

ಗದ್ದಲಕ್ಕೆ ಎಚ್ಚರಗೊಂಡ ಕೂಸು ಬಾಯಿ ದೊಡ್ಡದು ಮಾಡಿ ಆಕಳಿಸಿ, ಮುಷ್ಟಿ ಬಿಚ್ಚಿ, ಫೋನಿನ ಕಡೆ ಕಣ್ಣು ಪಿಳಿಪಿಳಿ ಮಾಡಿತು. ಗುಡ್ಡ ಅಗೆಯುವ ಆ ಗಂಡಸು ಮಂಕಿ ಟೋಪಿಯನ್ನೇ ತೆಗೆದು ಕಣ್ಣೊರೆಸಿಕೊಂಡ. ಜೀಪಿನವನೂ ಮಾಳಿಗೆ ಹತ್ತಿ ಬಂದು ಅವನ ಹೆಗಲ ಮೇಲಿಂದ ಇಣುಕಿದ. ಮನೆಯಲ್ಲಿ ಯಾರ ಕಣ್ಣೂ ಒಣಗಿರಲಿಲ್ಲ.

"ಲಗೂ ಮಾಡ್ರಿ! ಜೀಪ್ ಹೋಗೂದ್ರೊಳಗ ತೊಟ್ಟಲಕ್ಕ ಹಾಕೂಣು!" ದುರಗವ್ವ ಅಪ್ಪಣೆ ಕೊಟ್ಟಳು. "ಎಲ್ಲೈತಿ ಗುಂಡಕಲ್ಲು?"

ಬರಿದಾದ ತೊಟ್ಟಿಲಿಗೆ ನೇರ ಕೂಸನ್ನು ಹಾಕುವಂತಿಲ್ಲ. ಮೊದಲು ರುಬ್ಬುವ ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ, ಕೂಸಿನಂತೆ ಮಲಗಿಸಿ ತೂಗಿ, ಅದನ್ನು ತೆಗೆದ ಮೇಲೆಯೇ ಕೂಸು. ಆದರೆ ಮಿಕ್ಸರ್ ಬಂದ ಮೇಲೆ ಗುಂಡುಕಲ್ಲು ಹಿತ್ತಲು ಸೇರಿತ್ತು. ಟ್ಯಾಬಿನ ಗಲಾಟೆಯಲ್ಲಿ ಅದನ್ನು ತರುವ ನೆನಪು ಯಾರಿಗಿದ್ದೀತು! ಸುಮಂಗಲಾ ಹಿತ್ತಲಿಗೆ ಓಡಲು ಹೊರಟಳು.

"ನಿಂದರು. ಅದನ್ನ ಮಣ್ಣಾಗಿಂದ ತಗದು ತೊಳಿಯೂದ್ರಾಗ ಜೀಪ್ ಗುಡ್ಡಾ ಏರಿರತೈತಿ," ಎಂದ ದುರಗವ್ವ ಸುತ್ತ ಕಣ್ಣಾಡಿಸಿ, ಮೇಜಿನ ಮೇಲಿಂದ ಟ್ಯಾಬನ್ನು ಎತ್ತಿ ತೂಗಿ ನೋಡಿದಳು. "ಯಲ್ಲ್ಯಾ, ಇದರಾಗ ಏನರ ಜೀವ ಉಳದೈತೇನು?"

ಯಲ್ಲೇಶ ಗುಂಡಿ ಒತ್ತಿ ಹಿಡಿದ. ಒತ್ತಿದ. ಮತ್ತೆ ಒತ್ತಿದ. "ಇಲ್ಲ ಯವ್ವಾ."

"ಭೇಷಾತು. ಜೀವಿಲ್ಲ, ಗಟ್ಟಿ ಐತಿ, ಭಾರ ಐತಿ. ಇನ್ನೇನ್ ಬೇಕು?"

ನೋಡನೋಡುತ್ತಿದ್ದಂತೆ ಪೂರ್ತಿ ಕಂಪ್ಯೂಟರಿಗೆ ಕೆಂಪು ಕುಂಚಿಗೆ ತೊಡಿಸಿ, ಕಾಡಿಗೆಯ ಬೊಟ್ಟಿಟ್ಟು, ತೊಟ್ಟಿಲಲ್ಲಿ ಮಲಗಿಸಿ ತೂಗಿದ್ದಾಯಿತು. ಫೋನಿನೊಳಗಿಂದ ಸಿದ್ಧಲಿಂಗ, "ಅದೇನದು, ಚಪ್ಪಟಿ ಕೂಸು?" ಎಂದು ಕೇಳಿದ. ಯಾರಿಗೂ ಉತ್ತರಿಸುವಷ್ಟು ಉಸಿರಿರಲಿಲ್ಲ, ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆಮೇಲೆ ಅದನ್ನು ತೆಗೆದು ಕೂಸನ್ನು ಮಲಗಿಸಿದರು. ಸೋದರತ್ತೆ ಕಿವಿಯಲ್ಲಿ "ಐಶ್ವರ್ಯ" ಎಂದು ಊದಿದಳು. ಅಪ್ಪ ಮಾಳಿಗೆಯ ಮೇಲಿಂದ ಅದೇ ಹೆಸರನ್ನು ಕೂಗಿ ಕರೆದ.

ಇಂಥ ಕಾರ್ಯದಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸಕ್ಕೆ ಸೇರಿಸಿ ಒಡಪು ಹೇಳದೆ ಬಿಡುವುದುಂಟೇ? ಎಲ್ಲರೂ ಸುಮಂಗಲಾಳನ್ನು ಮುಂದಕ್ಕೆ ನೂಕಿದರು. ಪ್ರತಿ ಸಲ ನಾಚಿ ಒಳಗೆ ಓಡುತ್ತಿದ್ದವಳು ಅಂದು ಸೆರಗು ಸರಿಮಾಡಿಕೊಂಡು, ಕುಂಚಿಗೆ ತೊಟ್ಟ ತನ್ನ ಟ್ಯಾಬನ್ನು ಕಂಕುಳಲ್ಲಿಟ್ಟುಕೊಂಡು, ಗುಡ್ಡದವರಿಗೂ ಕೇಳುವಂತೆ ಹೇಳಿದಳು:

"ಟ್ಯಾಬಿಗೆ ಕಂಪ್ಯೂಟರಿನ ಜೀವ ತುಂಬತೀನಂದ್ರು, ಮನಿ ತುಂಬ ವಾಯರ್ ಹಾಸಿ,
ತೊಟ್ಟಲದಾಗಿನ ಗುಂಡಕಲ್ಲ ಮಾಡಿಟ್ರು ನಮ್ಮ ಯಲ್ಲೇಶಪ್ಪನವರು, ತಿರುವಿ ಮೀಸಿ!"

ತನ್ನ ಹೆಸರು ಕೇಳಿದ ಸಂತೋಷಕ್ಕೆ ಯಲ್ಲೇಶನ ಕೈ ಆಗಲೇ ಮೀಸೆಗೆ ಹೋಗಿತ್ತು. ಅದನ್ನು ಮೆಲ್ಲಗೆ ಇಳಿಸಿ, ಯಾರ ಮುಖವನ್ನೂ ನೋಡದೆ ತೊಟ್ಟಿಲ ಹಗ್ಗ ಹಿಡಿದು ಸೋದರಸೊಸೆಯನ್ನು ತೂಗತೊಡಗಿದ.