ಗುತ್ತೆವ್ವನ ಕೈ ಮೇಲಿನ ಹೆಸರು

ಗುತ್ತೆವ್ವ: ಈ ಹೆಸರು ಅಳಸೂದಂದ್ರ ಅಳಸೂದ! ಡೇರಿ ಇಲೆಕ್ಷನ್‌ದಾಗ ನನಗ ಬಿದ್ದದ್ದು ಒಂದ ವೋಟು. ಅದು ನಂದು. ಹಂಗಾರ ನಿಮ್ದು ಎಲ್ಲಿ ಹೋತ್ರಿ?

ಫಕ್ಕೀರಪ್ಪ: ನೀ ಗೆದ್ದು ಡೇರಿಯಾಗ ಕುಂತ್ರ ನನಗ ಚಾ ಕಾಸೋರು ಯಾರು?

ಶಿಗ್ಗಾಂವಿಯ ಚರ್ಮದ ದವಾಖಾನೆಯಲ್ಲಿ ಕಾದು ಕುಳಿತವರೆಲ್ಲ ಇವರತ್ತ ತಿರುಗಿದರು. ಹಿರೇಬೆಂಡಿಗೇರಿಯಲ್ಲಿ ಬಸ್ಸು ಹತ್ತಿದಾಗಿನಿಂದ ಫಕ್ಕೀರಪ್ಪ ಇದೇ ಮಾತು ಕೇಳುತ್ತ ಬಂದಿದ್ದ. ಮದುವೆಯ ಕಾಲಕ್ಕೆ ಹೆಂಡತಿಯ ಮುಂಗೈಗೆ ಹಚ್ಚೆ ಹಾಕಿಸಿದ ತನ್ನ ಹೆಸರು ನಲವತ್ತು ವರ್ಷದ ಮೇಲೆ ಹೋಗಿಬಿಡುತ್ತದಲ್ಲ ಎಂದು ಅವನಿಗೆ ಒಳಗೇ ಸಂಕಟ. ಅಷ್ಟರಲ್ಲಿ ನರ್ಸ್ ಗುಲ್ನಾರ ಮುಲಾಮು ಹಿಡಿದು ಬಂದಳು.

ಫಕ್ಕೀರಪ್ಪ: ಯವ್ವಾ, ರೇಜರ್‌ಲೆ ಕೆರದ್ರ ಅಕಿಗೆ ಉರೀತೈತಿ!

ಗುಲ್ನಾರ: ರೇಜರ್ ಅಲ್ರಿ ಅಪ್ಪಾರ, ಲೇಸರ್. ಬೆಳಕಿಲೆ ಅಳಸ್ತಾರ.

ಫಕ್ಕೀರಪ್ಪ: ನಲವತ್ತು ವರ್ಷ ಹೊಲದಾಗ ಬಿಸಲಿಗೆ ದುಡದಾಳ. ಒಂದ ಅಕ್ಷರಾನೂ ಹೋಗಿಲ್ಲ. ನಿಮ್ಮ ಬೆಳಕು ಏನ ಮಾಡತೈತಿ?

ಗುಲ್ನಾರ: ಒಮ್ಮೆಲೆ ಹೋಗಂಗಿಲ್ರಿ. ಆರೇಳು ಸಲ ಬರಬೇಕು. ಸಾವಕಾಶ ಮಾಸ್ತೈತಿ.

ಗುತ್ತೆವ್ವ: ಹಂಗಾರ ಮೊದಲ ಕಡೀ ಅಕ್ಷರ ಅಳಸ್ರಿ. ಅಷ್ಟು ಮರ್ಯಾದಿ ಕಡಿಮಿ ಆಗಲಿ.

ಫಕ್ಕೀರಪ್ಪ: 'ಪ್ಪ' ಹೋದ್ರ ನಾ ಬರೇ ಫಕೀರ ಆಗ್ತೇನಲ್ಲ!

ಗುಲ್ನಾರ ನಗು ನುಂಗಿಕೊಂಡು, ನೋವು ತಿಳಿಯದಿರಲೆಂದು ಹಚ್ಚೆಯ ಮೇಲೆ ಬಿಳಿ ಮುಲಾಮು ದಪ್ಪಗೆ ಬಳಿದು, ಫಾರ್ಮು ತೆಗೆದಳು.

ಗುಲ್ನಾರ: ಗಂಡನ ಹೆಸರು?

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಗುತ್ತೆವ್ವನಿಗಿರಲಿಲ್ಲ. ಬ್ಯಾಂಕಿರಲಿ, ಪಂಚಾಯ್ತಿ ಇರಲಿ, ಯಾರು ಕೇಳಿದರೂ ಓದಿಕೊಳ್ಳಲಿ ಎಂದು ಕೈ ಚಾಚುತ್ತಿದ್ದಳು. ಈಗಲೂ ಚಾಚಿದಳು.

ಗುಲ್ನಾರ: ಮುಲಾಮಿನಾಗ ಕಾಣವಲ್ದು. ಬಾಯಿಲೆ ಹೇಳ್ರಿ ಅವ್ವಾರ.

ಫಕ್ಕೀರಪ್ಪ: (ಮೀಸೆ ತಿರುವುತ್ತ) ನಾ ಹೇಳಂಗಿಲ್ಲ. ಅಳಸಾಕ ಬಂದಾಕಿ ಅಕಿ, ಅಕಿನ ಹೇಳಲಿ.

ಗುತ್ತೆವ್ವ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

ಗುತ್ತೆವ್ವ: ಫಕ್ಕೀರಪ್ಪಾ!

ಅವಳ ಬಾಯಲ್ಲಿ ತನ್ನ ಹೆಸರನ್ನು ಅವನು ಕೇಳಿದ್ದು ಅದೇ ಮೊದಲು. ಶಾಲೆಯಲ್ಲಿ ಮಾಸ್ತರರು ಹಾಜರಿ ಕೂಗಿದಂತಾಗಿ ದಡಕ್ಕನೆ ಎದ್ದು ನಿಂತುಬಿಟ್ಟ.

ಫಕ್ಕೀರಪ್ಪ: ಹಾಜರ್ ರೀ!

ಗುತ್ತೆವ್ವ: (ಬೆರಗಾಗಿ) ಅಗದೀ ಲಗೂನ ಎದ್ರಲ್ಲ! ಫಕ್ಕೀರಪ್ಪಾ, ಒಂದೀಟು ನೀರು ತರ್ರಿ ನೋಡೂಣು.

ಅವಳ ಮಾತು ಮುಗಿಯುವ ಮೊದಲೇ ಅವನು ಬಾಗಿಲು ದಾಟಿದ್ದ.

ಗುಲ್ನಾರ: ಡಾಕ್ಟರು ಕರ್ಯಾಕತ್ತಾರ. ಬರ್ರಿ, ಅಳಸೂಣು.

ಗುತ್ತೆವ್ವ: ಬ್ಯಾಡವಾ, ಮುಲಾಮು ಒರಸು. ಇಷ್ಟು ಕೆಲಸಕ್ಕ ಬರೂ ಹೆಸರು, ನಾ ಮರತ್ರ ಓದಾಕರ ಇರಲಿ!